16ರ ಹುಡುಗಿ, ನೀಲಿ ಕೂದಲು: ಒಂದು ಕೇಸ್ ಪೂರ್ತಿಯಾಗಿ

ಮೈಸೂರಲ್ಲಿ ನಂದೊಂದು ಚಿಕ್ಕ ಲೇಡೀಸ್ ಪಾರ್ಲರ್ ಇದೆ, ಎರಡು ಕುರ್ಚಿ, ಜೊತೆಗೆ ಒಬ್ಳು ಹುಡುಗಿ ಕೆಲಸಕ್ಕೆ. ಐಬ್ರೋ, ಫೇಶಿಯಲ್, ಮದುವೆ ಮೇಕಪ್ಪು, ಬಿಳಿ ಕೂದಲಿಗೆ ಕಪ್ಪು ಹಚ್ಚೋದು, ದಿನಾ ಇದೇ ಕೆಲಸ. ಆದ್ರೆ ಈಗೀಗ ಏಪ್ರಿಲ್ ಬಂತು ಅಂದ್ರೆ ಪರೀಕ್ಷೆ ಮುಗಿಸಿದ ಮಕ್ಕಳು ಫೋನಲ್ಲಿ ಫೋಟೋ ಹಿಡ್ಕೊಂಡು ಬರೋದು ಜಾಸ್ತಿ ಆಗಿದೆ, ಪಿಂಕ್, ನೀಲಿ, ನೇರಳೆ, ಏನು ಬೇಕಾದ್ರೂ ಕೇಳ್ತಾರೆ. ಅದ್ರಲ್ಲಿ ಒಂದು ಕೇಸನ್ನ ಮೊದಲಿಂದ ಕೊನೇವರೆಗೂ ಬರೀತಿದೀನಿ, ಯಾಕಂದ್ರೆ ಆ ಮನೆಯವರೆಲ್ಲ ಯಾವ ಬಣ್ಣಕ್ಕೆ ಹೆದರಿ ಕೂತಿದ್ರೋ ಅಪಾಯ ಅದ್ರಲ್ಲಿ ಇರ್ಲೇ ಇಲ್ಲ, ಯಾವುದನ್ನ ಪರಿಹಾರ ಅಂದ್ಕೊಂಡಿದ್ರೋ ಅದ್ರಲ್ಲಿತ್ತು. ನಾನೂ ಅವರ ಥರಾನೇ ಅಂದ್ಕೊಂಡಿದ್ದೆ, ಅದಕ್ಕೇ ಬರೀಬೇಕು ಅನ್ನಿಸ್ತು. ತಾಯಿ ಮಗಳು ಇಬ್ರನ್ನೂ ಕೇಳಿನೇ ಬರೀತಿರೋದು, ಗುರುತು ಸಿಗೋ ಅಂಥದ್ದೆಲ್ಲ ಬಿಟ್ಟಿದೀನಿ.

ಹುಡುಗಿಗೆ 16 ತುಂಬಿತ್ತು, ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬರೆದಿದ್ಲು, ಜೂನಲ್ಲಿ ಪಿಯುಸಿ. ಬೆನ್ನು ತುಂಬ ಕೂದಲು, ದಪ್ಪ ಎಳೆ, ಅಚ್ಚ ಕಪ್ಪು. ತೋರಿಸಿದ ಫೋಟೋದಲ್ಲಿ ತಲೆ ಪೂರ್ತಿ ಎಲೆಕ್ಟ್ರಿಕ್ ಬ್ಲೂ, ಬುಡದಿಂದ ತುದೀವರೆಗೂ. ದಾರಿ ಉದ್ದಕ್ಕೂ ಇಬ್ರೂ ಜಗಳ ಆಡ್ಕೊಂಡೇ ಬಂದಿದ್ರು ಅಂತ ಮುಖ ನೋಡಿದ್ರೇ ಗೊತ್ತಾಗ್ತಿತ್ತು. ಅಮ್ಮ ಕೂತವರೇ "ಮೇಡಂ, ನೀವಾದ್ರೂ ಸ್ವಲ್ಪ ಬುದ್ಧಿ ಹೇಳಿ ಇವಳಿಗೆ" ಅಂದ್ರು. ಅಪ್ಪಂದು ಕಾಲೇಜಲ್ಲಿ ಗೇಟ್ ಒಳಗೇ ಬಿಡಲ್ಲ ಅನ್ನೋ ಚಿಂತೆ. ಅಜ್ಜಿದು ಬೇರೆ, ಇಷ್ಟು ಚೆನ್ನಾಗಿರೋ ಕೂದಲು ಸುಟ್ಟುಹೋದ್ರೆ ನಾಳೆ ಮೊಗ್ಗಿನ ಜಡೆ ಎಲ್ಲಿಗೆ ಹೆಣೆಯೋದು ಅಂತ. ಹುಡುಗಿ ಮಾತ್ರ ಒಂದೇ ಮಾತು ಹೇಳಿದ್ಲು, ಅದು ನನಗೆ ಇವತ್ತಿಗೂ ಕಿವೀಲಿದೆ: "ಹತ್ತು ವರ್ಷ ಎರಡು ಜಡೆ ರಿಬ್ಬನ್ ಹಾಕ್ಕೊಂಡು ಹೋಗಿದೀನಿ ಆಂಟಿ, ಎರಡು ತಿಂಗಳು ನನ್ ತಲೆ ನಂದಾಗಿರ್ಲಿ."

ಅಮ್ಮ ಅಷ್ಟೊತ್ತಿಗೆ ಅರ್ಧ ಸೋತಿದ್ರು ಅನ್ಸುತ್ತೆ, ಒಂದು ಒಪ್ಪಂದ ಮಾಡ್ಕೊಂಡೇ ಬಂದಿದ್ರು. ಈಗ ನೀಲಿ ಹಾಕಿಸ್ಕೊಳ್ಲಿ, ಮೇ ಕೊನೇಲಿ ಕಪ್ಪು ಹಚ್ಚಿ ಮುಚ್ಚಿಬಿಡೋಣ, ನಾನು ತಿಂಗಳು ತಿಂಗಳು ಹಚ್ಕೊಳೋ ಪ್ಯಾಕೆಟ್ಟೇ ಇದೆ ಮನೇಲಿ, ಅದನ್ನೇ ಹಚ್ತೀನಿ ಅಂತ. ಕೇಳೋಕೆ ಎಷ್ಟು ಸರಿಯಾಗಿದೆ ನೋಡಿ. ಮಗಳ ಆಸೆನೂ ಆಯ್ತು, ಕಾಲೇಜಿನ ರೂಲೂ ಆಯ್ತು. ಹಿಂದಿನ ವರ್ಷಗಳಲ್ಲಿ ನಾನೇ ಎಷ್ಟೋ ಮಕ್ಕಳ ಅಮ್ಮಂದಿರಿಗೆ ಇದೇ ದಾರಿ ಹೇಳಿದೀನಿ, ಇವರಿಗೂ ಸರಿ ಅಂತ ಹೇಳೋಳಿದ್ದೆ.

ಬಣ್ಣದ ಕೆಲಸಕ್ಕೆ ಮುಂಚೆ ನಾನು ಒಂದು ನೋಟ್‌ಬುಕ್ಕಲ್ಲಿ ಬರ್ಕೊತೀನಿ, ಹಿಂದೆ ಏನೇನು ಹಚ್ಚಿದೀರ, ವೀಸಿಂಗ್ ಇದ್ಯಾ, ಚರ್ಮಕ್ಕೆ ಏನಾದ್ರೂ ಆಗಿತ್ತಾ ಅಂತ. ಅವಳು ಇಲ್ಲ ಇಲ್ಲ ಅಂತ ಹೇಳ್ತಾ ಫೋಟೋ ಇನ್ನೊಂದ್ಸಲ ತೋರ್ಸೋಕೆ ಕೈ ಚಾಚಿದ್ಲು. ಮುಂಗೈ ಒಳಭಾಗದಲ್ಲಿ ಬಿಳಿಚ್ಕೊಂಡ ಗುರುತು, ಒಂದು ಬಳ್ಳಿ, ಅದರ ಪಕ್ಕ ಮೂರು ಎಲೆ, ಅಚ್ಚು ಒತ್ತಿದ ಹಾಗೆ. ಸುತ್ತ ಚರ್ಮದ ಬಣ್ಣಕ್ಕಿಂತ ಒಂಚೂರು ತಿಳಿ, ಬೆಳಕಿಗೆ ಹಿಡಿದ್ರೆ ಮಾತ್ರ ಕಾಣೋದು. ಇದೇನಮ್ಮ ಅಂದೆ. ಎರಡು ವರ್ಷದ ಹಿಂದೆ ಅತ್ತೆ ಮಗಳ ಮದುವೇಲಿ ಕಪ್ಪು ಮೆಹಂದಿ ಕೋನಲ್ಲಿ ಡಿಸೈನ್ ಹಾಕಿಸ್ಕೊಂಡಿದ್ಲಂತೆ, ಅರ್ಧ ಗಂಟೇಲಿ ಕರೀ ಬಣ್ಣ ಬಂತಂತೆ, ಎರಡನೇ ದಿನಕ್ಕೆ ಕಡಿತ, ಆಮೇಲೆ ಡಿಸೈನ್ ಇದ್ದ ಜಾಗದಲ್ಲೇ ಸಾಲಾಗಿ ಗುಳ್ಳೆ ಎದ್ದು ನೀರು ಸೋರಿದ್ದು. ಅಮ್ಮ ಹೇಳಿದ್ರು, "ಮದುವೆ ಮನೆ ಊಟ, ಬಿಸಿಲು, ಏನೋ ಆಯ್ತು ಅಂದ್ಕೊಂಡ್ವಿ ಮೇಡಂ." ಅದಕ್ಕೆ ಮುಂಚೆ ಹಚ್ಚಿದ್ಯಾ ಅಂತ ಕೇಳಿದೆ. ಯುಗಾದಿಗೆ ಅದೇ ಥರ ಕೋನ್ ಹಚ್ಚಿದ್ಲು, ಆವಾಗ ಏನೂ ಆಗಿರ್ಲಿಲ್ಲ.

ನಾನು ಪೆನ್ನು ಕೆಳಗಿಟ್ಟೆ.

ಗೋರಂಟಿ ಎಲೆ ಅರೆದು ಹಚ್ಚಿದ್ರೆ ಕಿತ್ತಳೆ ಬರುತ್ತೆ, ಕೆಂಪು ಬರುತ್ತೆ, ಎರಡು ದಿನ ಆದ್ಮೇಲೆ ಗಾಢ ಕಂದು ಆಗುತ್ತೆ, ಎಲೇಲಿರೋ ಲಾಸೋನ್ ಅನ್ನೋ ಬಣ್ಣದ ಗುಣವೇ ಅಷ್ಟು. ಅರ್ಧ ಗಂಟೇಲಿ ಕಪ್ಪು ಕೊಡೋ ಗೋರಂಟಿ ಗಿಡ ಭೂಮಿ ಮೇಲೆ ಇಲ್ಲ. ಆ ಕಪ್ಪು ಕೋನಲ್ಲಿ ಸಾಮಾನ್ಯವಾಗಿ ಇರೋದು ಪಿಪಿಡಿ, ಅಂದ್ರೆ ಪ್ಯಾರಾ ಫಿನೈಲಿನ್ ಡಯಮೈನ್, ನಾವು ಬಿಳಿ ಕೂದಲಿಗೆ ಹಚ್ಚೋ ಕಪ್ಪು ಹೇರ್ ಡೈನಲ್ಲಿರೋ ಅದೇ ಕೆಮಿಕಲ್. ಡೈನಲ್ಲಿ ಅದಕ್ಕೆ ಒಂದು ಅಳತೆ ಇರುತ್ತೆ, ಯುರೋಪ್‌ನಲ್ಲಿ ತಲೆಗೆ ಹಚ್ಚೋ ಹೊತ್ತಿಗೆ 2% ದಾಟಬಾರದು ಅಂತ ಕಾನೂನಿದೆ. ಬೀದೀಲಿ ಸಿಗೋ ಕೋನಿಗೆ ಯಾವ ಅಳತೆನೂ ಇಲ್ಲ, ಅದನ್ನ ನೇರ ಚರ್ಮದ ಮೇಲೆ ಗಂಟೆಗಟ್ಲೆ ಒಣಗೋಕೆ ಬಿಡ್ತೀವಿ. ಕೆಲವರಿಗೆ ಮೊದಲ ಸಲ ಮೈ ಏನೂ ಅನ್ನಲ್ಲ, ಒಳಗೊಳಗೇ ಗುರುತು ಇಟ್ಕೊಳುತ್ತೆ. ಮುಂದಿನ ಸಲ ಅದೇ ವಸ್ತು ತಾಕಿದ್ರೆ ಒಂದೆರಡು ದಿನದಲ್ಲಿ ತಿರುಗಿ ಬೀಳುತ್ತೆ. ಒಂದ್ಸಲ ಹಾಗೆ ಅಲರ್ಜಿ ಬಂತು ಅಂದ್ರೆ ಸಾಮಾನ್ಯವಾಗಿ ಜೀವನ ಪೂರ್ತಿ ಇರುತ್ತೆ. ಅದಕ್ಕೇ ಯುರೋಪ್‌ನಲ್ಲಿ ಇಂಥ ಡೈ ಪ್ಯಾಕೆಟ್ ಮೇಲೆ 16 ವರ್ಷಕ್ಕಿಂತ ಚಿಕ್ಕವರಿಗಲ್ಲ ಅಂತಾನೂ, ಕಪ್ಪು ಮೆಹಂದಿ ಟ್ಯಾಟೂ ಹಾಕಿಸ್ಕೊಂಡಿದ್ರೆ ಅಲರ್ಜಿ ಅಪಾಯ ಜಾಸ್ತಿ ಅಂತಾನೂ ಬರೆದಿರ್ತಾರೆ. ನಮ್ಮಲ್ಲೂ ಪ್ಯಾಕೆಟ್ ಮೇಲೆ ಎಚ್ಚರಿಕೆ ಇರಲೇಬೇಕು ಅಂತ ನಿಯಮ ಇದೆ, ಚರ್ಮಕ್ಕೆ ತೊಂದರೆ ಆಗಬಹುದು ಮೊದಲು ಪರೀಕ್ಷೆ ಮಾಡ್ಕೊಳ್ಳಿ, ಹುಬ್ಬಿಗೆ ರೆಪ್ಪೆಗೆ ಹಚ್ಚಿದ್ರೆ ಕಣ್ಣೇ ಹೋಗಬಹುದು ಅಂತ. ಅಷ್ಟು ಸಣ್ಣ ಅಕ್ಷರ ಯಾರು ಓದ್ತಾರೆ ಹೇಳಿ.

ಸೀದಾ ಶೆಲ್ಫಿಂದ ಎರಡು ಪ್ಯಾಕೆಟ್ ತಂದು ಅಮ್ಮನ ಮುಂದೆ ಇಟ್ಟೆ. ಒಂದು ಅವರು ದಿನಾ ನೋಡೋ ಅಂಥ ಕಪ್ಪು ಡೈ, ಇನ್ನೊಂದು ನೀಲಿ ಸೆಮಿ ಪರ್ಮನೆಂಟ್ ಕಲರ್. ಕಪ್ಪಿನ ಡಬ್ಬಿ ಹಿಂದೆ ಪಿಪಿಡಿ ಇತ್ತು, ನೀಲಿದ್ರಲ್ಲಿ ಇರ್ಲಿಲ್ಲ. ಕಪ್ಪು ಡೈ ಕೆಲಸ ಮಾಡೋ ರೀತಿನೇ ಬೇರೆ, ಪಿಪಿಡಿ ಚಿಕ್ಕ ಕಣ, ಬಣ್ಣನೂ ಇರಲ್ಲ, ಕೂದಲಿನ ಒಳಗೆ ನುಗ್ಗಿ ಪೆರಾಕ್ಸೈಡ್ ಜೊತೆ ಸೇರಿ ಅಲ್ಲೇ ದೊಡ್ಡದಾಗಿ ಕಪ್ಪಾಗಿ ಸಿಕ್ಕಾಕ್ಕೊಳುತ್ತೆ, ಅದಕ್ಕೇ ತೊಳೆದ್ರೂ ಹೋಗಲ್ಲ. ನೀಲಿ ಥರದ ಕಲರ್ ಮೊದಲೇ ಬಣ್ಣ ಆಗಿರುತ್ತೆ, ಹೊರಗಡೆ ಹತ್ಕೊಂಡಿರುತ್ತೆ, ತೊಳೆದ ಹಾಗೆಲ್ಲ ಬಿಡುತ್ತೆ. ಅಮ್ಮನಿಗೆ ಹೇಳ್ದೆ: ಅಕ್ಕ, ಇವಳ ಕೈ ನೋಡಿದ್ರೆ ಈ ನೀಲಿಗಿಂತ ಮೇ ತಿಂಗಳ ಆ ಕಪ್ಪೇ ನನಗೆ ಭಯ, ಅದು ತಲೆಗೆ ಹಚ್ಚಿದ್ರೆ ಮುಖ ಕಣ್ಣು ಎಲ್ಲ ಊದ್ಕೊಂಡು ಆಸ್ಪತ್ರೆ ಸೇರೋ ಹಾಗೆ ಆಗಬಹುದು, ಮೊದಲು ಚರ್ಮದ ಡಾಕ್ಟರ್ ಹತ್ರ ಹೋಗಿ ಬನ್ನಿ ಅಂತ. ಅವರಿಗೆ ಮಾತೇ ಹೊರಡ್ಲಿಲ್ಲ. ಮಗಳ ಕೈ ಹಿಡ್ಕೊಂಡು ಆ ಬಳ್ಳಿ ಗುರುತನ್ನ ಹೆಬ್ಬೆರಳಲ್ಲಿ ಸವರ್ತಾ ಕೂತಿದ್ರು.

ಕಿವಿ ಹಿಂದೆ ಹಚ್ಚಿ ನೋಡೋ ಟೆಸ್ಟನ್ನ ನಾನೇ ಯಾಕೆ ಮಾಡ್ಲಿಲ್ಲ ಅಂತ ನನ್ನ ಕೆಲಸದ ಹುಡುಗಿ ಕೇಳಿದ್ಲು. ಗುಳ್ಳೆ ಬಂದ ಇತಿಹಾಸ ಇರೋರಿಗೆ ಪಾರ್ಲರಲ್ಲಿ ಆ ಟೆಸ್ಟ್ ಮಾಡ್ಬಾರ್ದು, ಆ ಒಂದು ಚುಕ್ಕೆಯೇ ಮತ್ತೆ ಗುಳ್ಳೆ ಎಬ್ಬಿಸಬಹುದು. ಡಾಕ್ಟರ್ ಮಾಡೋ ಪ್ಯಾಚ್ ಟೆಸ್ಟಲ್ಲಿ ಪಿಪಿಡಿನ ಪೆಟ್ರೊಲಾಟಮ್ಮಲ್ಲಿ, ಅಂದ್ರೆ ಪೆಟ್ರೋಲಿಯಂ ಜೆಲ್ಲೀಲಿ, 1% ಮಾತ್ರ ಬೆರೆಸಿ, ಬೇರೆ ವಸ್ತುಗಳ ಜೊತೆ ಬೆನ್ನ ಮೇಲೆ ಅಂಟಿಸ್ತಾರೆ, ಎರಡು ದಿನಕ್ಕೆ ತೆಗೆದು ನೋಡ್ತಾರೆ, ನಾಲ್ಕನೇ ದಿನ ಇನ್ನೊಂದ್ಸಲ ನೋಡ್ತಾರೆ. ಏಪ್ರಿಲ್ ಸೆಕೇಲಿ ಬೆನ್ನಿಗೆ ನೀರು ಹಾಕ್ದೇ ಇರೋದು ಅವಳಿಗೆ ಕಷ್ಟ ಆಯ್ತು ಪಾಪ, ಆದ್ರೂ ಇದ್ಲು. ಪಿಪಿಡಿ ಜಾಗ ಕೆಂಪಾಗಿ ಊದಿತ್ತು, ಪಾಸಿಟಿವ್. ಡಾಕ್ಟರ್ ಒಂದು ಚೀಟೀಲಿ ಬರೆದುಕೊಟ್ರು: ಪಿಪಿಡಿ ಇರೋ ಡೈ ಯಾವತ್ತೂ ಬೇಡ, ಅದರ ಹತ್ರದ ಸಂಬಂಧಿ ಟಾಲ್ಯೂನ್ ಡಯಮೈನ್ ಇರೋದೂ ಬೇಡ, ಮರಗಟ್ಟಿಸೋ ಬೆಂಜೊಕೇನ್ ಮುಲಾಮು, ಕೆಲವು ಸಲ್ಫಾ ಔಷಧಿ ಇವಕ್ಕೂ ಕೆಲವರಿಗೆ ಮೈ ಹಾಗೇ ತಿರುಗಿ ಬೀಳಬಹುದು, ಅದ್ರಿಂದ ಎಲ್ಲಿ ಚಿಕಿತ್ಸೆಗೆ ಹೋದ್ರೂ ಮೊದಲೇ ಹೇಳ್ಬೇಕು ಅಂತ. ಫ್ಯಾನ್ಸಿ ಕಲರ್ ಹಾಕೋದಾದ್ರೆ ತಲೆ ಚರ್ಮಕ್ಕೆ ತಾಕಿಸ್ಬೇಡಿ, ಆ ಕಲರನ್ನೂ ಮೊದಲು ನನಗೆ ತಂದು ತೋರ್ಸಿ ಅಂದಿದ್ರು.

ಇಲ್ಲಿಗೆ ಮನೇಲಿ ಎಲ್ರೂ ಹಾಗಾದ್ರೆ ಬಣ್ಣವೇ ಬೇಡ ಅಂತ ಒಂದಾದ್ರು. ಹುಡುಗಿ ನನಗೆ ಫೋನ್ ಮಾಡಿ ಅತ್ತಳು, ಹಠ ಅಲ್ಲ ಅದು, ನನ್ ಮೈಯೇ ನನಗೆ ಬೇಡ ಅಂತು ಅನ್ನೋ ಥರ ಅಳು. ನಾನೂ ಕೈ ತೊಳ್ಕೊಳಬಹುದಿತ್ತು. ಆದ್ರೆ ನಾನು ಈ ಕೆಲಸದಲ್ಲಿ ನೋಡಿರೋದು ಏನಂದ್ರೆ, ಬೇಡ ಅಂತ ಬಾಗಿಲು ಹಾಕಿದ ಮನೆ ಮಕ್ಕಳು ಫ್ರೆಂಡ್ ಮನೆ ಬಾತ್‌ರೂಮಲ್ಲಿ ಆನ್‌ಲೈನ್ ತರಿಸಿದ ಬ್ಲೀಚ್ ಹಚ್ಕೊತಾರೆ, ಅದು ಕಿತ್ತಳೆ ಆಗಿ ಹೆದರ್ಕೊಂಡು ಸಿಕ್ಕ ಕಪ್ಪು ಪ್ಯಾಕೆಟ್ ಬಳಿದು ಮುಚ್ತಾರೆ. ಬೇರೆ ಮಕ್ಕಳಿಗೆ ಅದು ಕೂದಲು ಹಾಳಾಗೋ ವಿಷಯ, ಇವಳಿಗೆ ಹಾಗಲ್ಲ. ಅದಕ್ಕೇ ಅಮ್ಮನ ಹತ್ರ ಮಾತಾಡಿದೆ, ತುದಿ ನಾಲ್ಕು ಇಂಚು ಮಾತ್ರ ಮಾಡೋಣ, ತಲೆ ಚರ್ಮದಿಂದ ಒಂದು ಮೊಳ ದೂರ, ಮೇ ಕೊನೇಲಿ ಕಪ್ಪು ಹಚ್ಚಲ್ಲ, ಕತ್ತರಿಸ್ತೀವಿ. ಕೂದಲು ತಿಂಗಳಿಗೆ ಹೆಚ್ಚೂಕಮ್ಮಿ ಅರ್ಧ ಇಂಚು ಬೆಳೆಯುತ್ತೆ, ವರ್ಷದೊಳಗೆ ಹೋದಷ್ಟೂ ವಾಪಸ್ ಬರುತ್ತೆ. ಅಪ್ಪ ಒಪ್ಪಿದ್ದು ಕತ್ತರಿಸ್ತೀವಿ ಅನ್ನೋ ಮಾತಿಗೆ.

ಇನ್ನು ಕೂದಲು ಏನು ಹೇಳುತ್ತೆ ಅಂತ ನೋಡ್ಬೇಕಿತ್ತು. ವಿಚಾರಿಸಿದ್ರೆ ಅಜ್ಜಿ ವರ್ಷ ವರ್ಷ ಬೇಸಿಗೇಲಿ ತಂಪಿಗೆ ಅಂತ ತಲೆಗೆ ಗೋರಂಟಿ ಹಚ್ತಿದ್ರಂತೆ, ಹಿತ್ತಲ ಗಿಡದ್ದು, ಆದ್ರೆ ಒಂದ್ಸಲ ಅಂಗಡಿ ಪುಡಿನೂ ತಂದಿದ್ರು. ಅಂಗಡಿ ಪುಡೀಲಿ ಕೆಲವು ಸಲ ಲೋಹದ ಲವಣ ಬೆರೆಸಿರ್ತಾರೆ, ಅಂಥ ಕೂದಲಿಗೆ ಬ್ಲೀಚ್ ಹಾಕಿದ್ರೆ ಕಾಯುತ್ತೆ, ಹೊಗೆ ಬರುತ್ತೆ, ತುಂಡಾಗುತ್ತೆ. ತುದಿಯಿಂದ ಒಂದು ಹಿಡಿ ಎಳೆ ಕತ್ತರಿಸ್ಕೊಂಡು ಗಾಜಿನ ಲೋಟದಲ್ಲಿ 20 ವಾಲ್ಯೂಮ್, ಅಂದ್ರೆ 6% ಇರೋ ಪೆರಾಕ್ಸೈಡಿಗೆ ಇಪ್ಪತ್ತರಲ್ಲಿ ಒಂದು ಪಾಲು ಅಮೋನಿಯಾ ಬೆರೆಸಿ ಅರ್ಧ ಗಂಟೆ ಅದ್ದಿಟ್ಟೆ. ಮೂವರೂ ಬಗ್ಗಿ ಲೋಟವನ್ನೇ ನೋಡ್ತಿದ್ವಿ. ಬಿಸಿ ಆಗ್ಲಿಲ್ಲ, ನೊರೆ ಉಕ್ಕಲಿಲ್ಲ, ಎಳೆ ಎಳೆದ್ರೆ ಹರೀಲಿಲ್ಲ. ಸರಿ.

ಇನ್ನೊಂದು ಎಳೆ ಬ್ಲೀಚ್ ಮಾಡಿ ನೋಡಿದೆ. ಕಪ್ಪು ಕೂದಲು ಒಂದೇ ಏಟಿಗೆ ಬಿಳಿ ಆಗಲ್ಲ, ಮೊದಲು ಕೆಂಪು ಕಂದು, ಆಮೇಲೆ ಕಿತ್ತಳೆ, ಆಮೇಲೆ ಹಳದಿ, ಬಾಳೆಹಣ್ಣಿನ ಸಿಪ್ಪೆ ಒಳಗಿನ ತಿಳಿ ಹಳದಿಗೆ ಬಂದ್ರೆ ಮಾತ್ರ ಫೋಟೋದಲ್ಲಿರೋ ಎಲೆಕ್ಟ್ರಿಕ್ ಬ್ಲೂ ಕೂರೋದು. ಗೋರಂಟಿ ಕುಡಿದ ತುದಿ ಹಳದಿಯಲ್ಲೇ ನಿಂತುಬಿಡ್ತು, ಇನ್ನೂ ತಿಳಿ ಮಾಡೋಕೆ ಹೋದ್ರೆ ಒದ್ದೆ ಇದ್ದಾಗ ರಬ್ಬರ್ ಥರ ಹಿಗ್ತಿತ್ತು. ಹಳದಿ ಮೇಲೆ ನೀಲಿ ಹಾಕಿದ್ರೆ ಹಸಿರಾಗುತ್ತೆ, ಇದು ಒಂದನೇ ಕ್ಲಾಸಲ್ಲಿ ಪೇಂಟ್ ಮಾಡಿದೋರಿಗೆಲ್ಲ ಗೊತ್ತು. ಟೋನರ್ ಹಾಕಿ ಹಳದಿ ತಗ್ಗಿಸೋದು ಮಾಮೂಲಿ ದಾರಿ, ಆದ್ರೆ ಎಷ್ಟೋ ಟೋನರಲ್ಲಿ ಅದೇ ಟಾಲ್ಯೂನ್ ಡಯಮೈನ್ ಇರುತ್ತೆ, ಇವಳಿಗೆ ಆ ಬಾಗಿಲು ಮುಚ್ಚಿತ್ತು. ನಾನು ಏನೂ ಹೇಳ್ದೆ ಆ ಹಳದಿ ಎಳೆನ ಮೂರು ಭಾಗ ಮಾಡಿ ನೀಲಿ, ಹಸಿರು, ಎರಡೂ ಬೆರೆಸಿದ್ದು ಹಚ್ಚಿ ಒಣಗಿಸಿ ಬಿಳಿ ಟವಲ್ ಮೇಲೆ ಇಟ್ಟೆ. ಅವಳೇ ಮೂರನೇದನ್ನ ಎತ್ಕೊಂಡು ಕಿಟಕಿ ಹತ್ರ ಹೋದ್ಲು. ಬಿಸಿಲಲ್ಲಿ ಅದು ನವಿಲುಗರಿ ಕಣ್ಣಿನ ಸುತ್ತ ಇರುತ್ತಲ್ಲ, ಆ ಬಣ್ಣ. "ಇದೇ ಇರ್ಲಿ ಆಂಟಿ" ಅಂದ್ಲು. ತನ್ನ ಕೂದಲಲ್ಲಿ ಏನು ಆಗುತ್ತೆ ಏನು ಆಗಲ್ಲ ಅಂತ ಕಣ್ಣಾರೆ ನೋಡಿದ್ರೆ ಮಕ್ಕಳು ಎಷ್ಟು ಬೇಗ ಒಪ್ತಾರೆ, ಅದನ್ನೇ ನಾವು ಬಾಯಲ್ಲಿ ಹೇಳಿದ್ರೆ ಯಾವತ್ತೂ ಆಗ್ತಿರ್ಲಿಲ್ಲ.

ಕಲರ್ ಆರಿಸೋದೂ ಸುಲಭ ಇರ್ಲಿಲ್ಲ. ಪಿಪಿಡಿ ಇಲ್ಲ ಅಂತ ಡಬ್ಬಿ ಮುಂದೆ ದೊಡ್ಡದಾಗಿ ಬರೆದಿದ್ರೂ ಹಿಂದೆ ಎಚ್‌ಸಿ ಬ್ಲೂ, ಎಚ್‌ಸಿ ಯೆಲ್ಲೋ ಅಂತ ಇದ್ರೆ ಅವುಗಳಲ್ಲಿ ಕೆಲವು ಪಿಪಿಡಿ ಕುಟುಂಬದವೇ. ಅಂಥವನ್ನ ಬಿಟ್ಟು ಬೇಸಿಕ್ ಬ್ಲೂ, ಬೇಸಿಕ್ ಯೆಲ್ಲೋ ಅಂತ ಇದ್ದದ್ದನ್ನ ಹುಡುಕಿ, ಅದನ್ನ ಡಾಕ್ಟರಿಗೆ ತೋರ್ಸಿ, ಅವರು ಹೇಳಿದ ಹಾಗೆ ಮುಂಗೈ ಮೇಲೆ ಚೂರು ಹಚ್ಚಿ ನಾಲ್ಕು ದಿನ ಕಾದ್ವಿ. ಏನೂ ಆಗ್ಲಿಲ್ಲ. ಅಷ್ಟೊತ್ತಿಗೆ ಏಪ್ರಿಲ್ ಮುಗೀತಾ ಬಂದಿತ್ತು, ಅವಳ ಎರಡು ತಿಂಗಳಲ್ಲಿ ಒಂದು ಹೋಗಿತ್ತು, ಒಂದು ದಿನಾನೂ ಬೇಗ ಮಾಡಿ ಅಂತ ಪೀಡಿಸ್ಲಿಲ್ಲ ಆ ಹುಡುಗಿ.

ಕೆಲಸ ಎರಡು ಸಿಟ್ಟಿಂಗಲ್ಲಿ ಮಾಡಿದೆ, ಮಧ್ಯೆ ಒಂದು ವಾರ ಬಿಟ್ಟು. ಡೆವಲಪರ್, ಅಂದ್ರೆ ಬ್ಲೀಚ್ ಪುಡಿಗೆ ಬೆರೆಸೋ ಪೆರಾಕ್ಸೈಡ್, 20 ವಾಲ್ಯೂಮೇ, ಅದಕ್ಕಿಂತ ಮೇಲೆ ಹೋಗ್ಲಿಲ್ಲ. ಬೇಗ ಆಗ್ಲಿ ಅಂತ 40 ವಾಲ್ಯೂಮ್ ಸುರಿಯೋರು ಇದಾರೆ, ಕೂದಲ ಮೇಲೆ ಪ್ರೀತಿ ಇರೋರು ಆ ಕೆಲಸ ಮಾಡಲ್ಲ. ಫಾಯಿಲಲ್ಲಿ ಸುತ್ತಿ ಹತ್ತು ಹತ್ತು ನಿಮಿಷಕ್ಕೆ ಬಿಚ್ಚಿ ನೋಡಿದೆ, ಬ್ಲೀಚ್ ಪುಡಿ ಘಾಟಿಗೆ ಕಿಟಕಿ ಎರಡೂ ತೆಗೆದಿಟ್ಟು. ಎರಡನೇ ಸಲ ಹಳದಿ ಬಂದ ತಕ್ಷಣ ತೊಳೆದು, ಒಣಗಿಸಿ, ನವಿಲು ಬಣ್ಣ ಹಚ್ಚಿ ಮುಕ್ಕಾಲು ಗಂಟೆ ಬಿಟ್ಟೆ. ತೊಳೆದು ಡ್ರೈಯರ್ ಹಿಡಿದಾಗ ಕನ್ನಡೀಲಿ ಅವಳ ಮುಖ ನೋಡ್ಬೇಕಿತ್ತು, ಮಾತಿಲ್ಲ, ಜಡೆ ಮುಂದಕ್ಕೆ ಹಾಕ್ಕೊಂಡು ತುದಿನ ಬೆರಳಿಗೆ ಸುತ್ತಿ ಸುತ್ತಿ ಬಿಡ್ತಿದ್ಲು.

ಮನೇಲಿ ದಿಂಬಿನ ಕವರು, ಅಮ್ಮನ ಎರಡು ನೈಟಿ, ಬಾತ್‌ರೂಮ್ ಬಕೆಟ್ಟು ಎಲ್ಲ ಹಸಿರಾಯ್ತು. ತಣ್ಣೀರಲ್ಲಿ ವಾರಕ್ಕೆರಡೇ ಸಲ ತೊಳಿ, ತೊಳೆಯೋಕೆ ಮುಂಚೆ ತುದಿಗೆ ಕೊಬ್ಬರಿ ಎಣ್ಣೆ ಹಚ್ಚು ಅಂತ ಹೇಳಿದ್ದೆ, ಎಣ್ಣೆಗೆ ಬಣ್ಣ ಸ್ವಲ್ಪ ಬೇಗ ಬಿಡುತ್ತೆ ನಿಜ, ಆದ್ರೆ ತೊಳೆಯುವಾಗ ಕೂದಲಿನ ಪ್ರೋಟೀನ್ ಹೋಗೋದನ್ನ ಕೊಬ್ಬರಿ ಎಣ್ಣೆ ತಡೆಯೋಷ್ಟು ಚೆನ್ನಾಗಿ ಬೇರೆ ಯಾವ ಎಣ್ಣೆನೂ ತಡೆದಿದ್ದು ನಾನು ನೋಡಿಲ್ಲ. ಮೂರು ವಾರಕ್ಕೆ ನವಿಲು ಹೋಗಿ ಎಳೆ ಮಾವಿನಕಾಯಿ ಬಣ್ಣ ಆಗಿತ್ತಂತೆ. ಅಜ್ಜಿ ಮೊದಲ ಎರಡು ದಿನ ಮಾತಾಡ್ಸಿರ್ಲಿಲ್ಲ. ಮೂರನೇ ದಿನ ತಾವೇ ಕೂರಿಸ್ಕೊಂಡು ಜಡೆ ಹೆಣೆದು ತುದಿ ಕೈಯಲ್ಲಿ ಹಿಡಿದು ನೋಡಿ, "ನಮ್ ಕಾಲದ ಜಡೆಕುಚ್ಚಿನ ಥರಾನೇ ಇದ್ಯಲ್ಲೇ, ನನ್ ಮದುವೇಲಿ ಹಸಿರು ರೇಷ್ಮೆ ಕುಚ್ಚು ಕಟ್ಟಿದ್ರು" ಅಂದ್ರಂತೆ. ಆಮೇಲಿಂದ ದಿನಾ ಅಜ್ಜಿನೇ ಜಡೆ ಹಾಕಿದ್ದು.

ಮೇ ಕೊನೇ ವಾರ ಕತ್ತರಿಸೋಕೆ ಬಂದ್ರು. ನಾಲ್ಕು ಇಂಚು ಅಂದ್ಕೊಂಡಿದ್ದು ಐದು ಆಯ್ತು, ಗೆರೆ ನೇರ ಬರ್ಬೇಕಲ್ಲ. ಅತ್ಲಾ ಅಂದ್ರೆ ಇಲ್ಲ, ಒಂದು ಎಳೆ ದಾರ ಕಟ್ಟಿ ಪುಸ್ತಕದೊಳಗೆ ಇಟ್ಕೊಂಡ್ಲು.

ಆವತ್ತೇ ಅಮ್ಮ ಹೊರಡೋಕೆ ಎದ್ದವರು ಮತ್ತೆ ಕೂತ್ರು. "ಮೇಡಂ ಒಂದ್ ನಿಮಿಷ" ಅಂತ ಸೆರಗು ಸರಿಸಿ ಕತ್ತು ತಿರುಗಿಸಿ ತೋರಿಸಿದ್ರು. ಕಿವಿ ಹಿಂದೆ, ಕೂದಲ ಅಂಚಿಗೆ ಸರಿಯಾಗಿ ಒಂದು ಕೆಂಪು ಪಟ್ಟಿ, ಮೇಲೆ ಸಿಪ್ಪೆ ಎದ್ದಿತ್ತು. ಒಂದು ವರ್ಷದಿಂದ ಇದೆಯಂತೆ, ಹೊಟ್ಟು ಅಂದ್ಕೊಂಡು ಶಾಂಪೂ ಬದಲಾಯಿಸ್ತಾನೇ ಇದ್ರಂತೆ. ಡೈ ಹಚ್ಚಿದ ಎಷ್ಟು ದಿನಕ್ಕೆ ಜಾಸ್ತಿ ಆಗುತ್ತೆ ಅಕ್ಕ ಅಂತ ಕೇಳಿದೆ. ಯೋಚನೆ ಮಾಡಿ, "ಎರಡನೇ ದಿನ" ಅಂದ್ರು. ಆ ಮಾತು ಹೊರಗೆ ಬಂದ್ಮೇಲೆ ಅವರಿಗೇ ಅರ್ಥ ಆಗಿ ಸುಮ್ಮನಾದ್ರು. ಅದೇ ಡಾಕ್ಟರ್ ಹತ್ರ ಕಳಿಸಿದೆ, ಅವರಿಗೂ ಪಿಪಿಡಿನೇ ಬಂತು.

ಈಗ ಎಲ್ಲ ಬಣ್ಣದ ಕೆಲಸಕ್ಕೂ, ಬಿಳಿ ಕೂದಲಿಗೆ ಕಪ್ಪು ಹಚ್ಚಿಸ್ಕೊಳೋ 60 ವರ್ಷದವರಿಗೂ, ನಾನು ಮೊದಲು ಕೇಳೋದು ಕಪ್ಪು ಮೆಹಂದಿ ಯಾವತ್ತಾದ್ರೂ ಹಚ್ಚಿದ್ರಾ, ಡೈ ಹಚ್ಚಿದ್ಮೇಲೆ ಕಡಿತ ಬರುತ್ತಾ ಅಂತ, ಕೈ ಮುಂದೆ ಮಾಡಿ ಅಂತಾನೂ ಹೇಳ್ತೀನಿ. ಕಳೆದ ವಾರ ಆ ಅಮ್ಮ ಕಟಿಂಗಿಗೆ ಬಂದಿದ್ರು, ಬೈತಲೆ ಎರಡೂ ಕಡೆ ಎರಡು ಬೆರಳು ಅಗಲ ಬಿಳಿ ಬಂದಿತ್ತು. ಏನು ಮಾಡೋದು ಅಂತ ಇನ್ನೂ ತೀರ್ಮಾನ ಮಾಡಿಲ್ಲ ಅಂದ್ರು. ಯೂನಿಫಾರ್ಮಲ್ಲಿ ಬಂದಿದ್ದ ಮಗಳು ಡಾಕ್ಟರ್ ಚೀಟಿ ಒಂದು ಕೈಯಲ್ಲಿ ಹಿಡ್ಕೊಂಡು ನನ್ನ ಶೆಲ್ಫ್ ಮುಂದೆ ನಿಂತು, ಅಮ್ಮನಿಗೆ ಆಗೋ ಅಂಥದ್ದು ಏನಾದ್ರೂ ಇದ್ಯಾ ಅಂತ ಒಂದೊಂದೇ ಡಬ್ಬಿ ತಿರುಗಿಸಿ ಸಣ್ಣ ಅಕ್ಷರ ಓದ್ತಾ ಇದ್ಲು.